ತಣ್ಣೀರು ಮುಟ್ಟಿದರೆ ಶಾಕ್, ಅಂಗೈ ಸುಲಿತ, ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಬೀಳ್ತಿಲ್ಲ: ಕೀಮೋ ನಡುವೆ ಅಮ್ಮನಿಗೆ ಏನಾಗ್ತಿದೆ?

ಪ್ರಶ್ನೆ: ಡಾಕ್ಟ್ರೇ, ನಮ್ಮದು ಸಕಲೇಶಪುರದ ಹತ್ತಿರ ಒಂದು ಹಳ್ಳಿ. ಅಮ್ಮನಿಗೆ 57 ವರ್ಷ. ದೊಡ್ಡ ಕರುಳಿನ ಕ್ಯಾನ್ಸರ್ ಅಂತ ಆಪರೇಷನ್ ಆಯಿತು. ಈಗ ಮೂರು ವಾರಕ್ಕೊಂದು ಸಲ ಆಕ್ಸಾಲಿಪ್ಲಾಟಿನ್ ಡ್ರಿಪ್, ಆಮೇಲೆ 14 ದಿನ ಬೆಳಿಗ್ಗೆ ರಾತ್ರಿ ಕೆಪೆಸಿಟಬಿನ್ ಮಾತ್ರೆ. ಒಟ್ಟು ಎಂಟು ಸಲ ಅಂದಿದ್ದಾರೆ, ಮೂರು ಮುಗಿದಿದೆ. ಕೂದಲು ಉದುರುತ್ತೆ, ವಾಂತಿ ಆಗುತ್ತೆ ಅಂತ ಎಲ್ಲರೂ ಹೆದರಿಸಿದ್ದರು, ಅದೇನೂ ಅಷ್ಟಾಗಿ ಆಗಲಿಲ್ಲ. ಆದರೆ ತಣ್ಣೀರಿಗೆ ಕೈ ಹಾಕಿದರೆ ಕರೆಂಟ್ ಹೊಡೆದ ಹಾಗೆ ಆಗುತ್ತಂತೆ. ಮೊನ್ನೆ ನೀರು ಕುಡಿದವರು ಗಂಟಲು ಕಟ್ಟಿಕೊಂಡು ಉಸಿರೇ ಬರುತ್ತಿಲ್ಲ ಅಂತ ಒದ್ದಾಡಿಬಿಟ್ಟರು. ಊಟಕ್ಕೆ ಕೂತರೆ ಮೊದಲ ತುತ್ತಿಗೆ ದವಡೆ ಸೆಳೆಯುತ್ತೆ ಅಂತಾರೆ. ಎರಡು ದಿನ ಬಿಡದೆ ಬಿಕ್ಕಳಿಕೆ ಬಂತು. ಅಂಗೈ, ಅಂಗಾಲು ಕಪ್ಪಾಗಿ ಉರಿ, ಸಿಪ್ಪೆ ಏಳುತ್ತಿದೆ. ಹೋದ ತಿಂಗಳು ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ತಗೊಳ್ಳಲೇ ಇಲ್ಲ. ಎಲ್ಲರೂ ಉಷ್ಣ ಅಂತಾರೆ, ಅದಕ್ಕೆ ಫ್ರಿಜ್ಜಿನಲ್ಲಿಟ್ಟ ಮಜ್ಜಿಗೆ, ಎಳನೀರು ಕೊಡುತ್ತಿದ್ದೇವೆ. ಇದೆಲ್ಲ ಯಾಕೆ ಆಗುತ್ತಿದೆ, ಏನು ಮಾಡಬೇಕು?

ಉತ್ತರ: ಮೊದಲು ಫ್ರಿಜ್ಜಿನ ಆ ಮಜ್ಜಿಗೆ, ಎಳನೀರು ನಿಲ್ಲಿಸಿ. ಮಜ್ಜಿಗೆ ತಪ್ಪಲ್ಲ, ಎಳನೀರೂ ತಪ್ಪಲ್ಲ, ಫ್ರಿಜ್ಜು ತಪ್ಪು. ಉಳಿದದ್ದನ್ನು ನಿಧಾನವಾಗಿ ಮಾತಾಡೋಣ.

ಕೈಕಾಲು ಉರಿ ಅಂದ ಕೂಡಲೇ "ಉಷ್ಣ ಆಗಿದೆ, ತಂಪು ಕೊಡಿ" ಅನ್ನುವುದು ನಮ್ಮಲ್ಲಿ ರೂಢಿ. ಕೀಮೋ ಅಂದರೇ ಉಷ್ಣ ಅಂತ ನನ್ನ ಓಪಿಡಿಗೆ ಬರುವವರೂ ಹೇಳುತ್ತಾರೆ. ಬೇರೆ ಔಷಧಿ ಆಗಿದ್ದರೆ ನಾನೂ ಹೂಂ ಅಂದು ಸುಮ್ಮನಾಗುತ್ತೇನೆ, ಒಂದು ಲೋಟ ಮಜ್ಜಿಗೆಯಿಂದ ಏನು ಕೆಡುತ್ತೆ ಹೇಳಿ. ಇಲ್ಲಿ ಸುಮ್ಮನಿರೋಕೆ ಆಗಲ್ಲ. ನಿಮ್ಮ ತಾಯಿಗೆ ಕೊಡುತ್ತಿರುವುದು ಎರಡು ಔಷಧಿ, ಎರಡಕ್ಕೂ ಎಣ್ಣೆ ಸೀಗೆಕಾಯಿ. ಡ್ರಿಪ್‌ನಲ್ಲಿ ಹೋಗುವ ಆಕ್ಸಾಲಿಪ್ಲಾಟಿನ್‌ಗೆ ತಣ್ಣಗಿರೋದು ಆಗಿಬರಲ್ಲ. ಮಾತ್ರೆ ಕೆಪೆಸಿಟಬಿನ್‌ಗೆ ಬಿಸಿ ಆಗಿಬರಲ್ಲ, ತಿಕ್ಕಾಟ ಆಗಿಬರಲ್ಲ. ಒಬ್ಬರ ಮೈಯಲ್ಲೇ ಎರಡೂ ಇರುವಾಗ ಒಂದಕ್ಕೆ ಮದ್ದು ಅಂತ ಮಾಡಿದ್ದು ಇನ್ನೊಂದನ್ನು ಕೆರಳಿಸುತ್ತದೆ. ಅದಕ್ಕೆ ಇನ್ನು ಮೇಲೆ ನಿಮ್ಮ ಮನೆಯಲ್ಲಿ ಕುಡಿಯುವ ನೀರು, ಸ್ನಾನದ ನೀರು, ಪಾತ್ರೆ ತೊಳೆಯುವ ನೀರು ಎಲ್ಲ ಉಗುರುಬೆಚ್ಚಗಿರಲಿ. ತಣ್ಣಗೂ ಬೇಡ, ಸುಡುವ ಹಾಗೂ ಬೇಡ.

ಮೊದಲು ತಣ್ಣೀರಿನ ವಿಷಯ. ನರಗಳ ಮೈಮೇಲೆ ಸೋಡಿಯಂ ಒಳಗೆ ಬಿಡುವ ಸಣ್ಣ ಬಾಗಿಲುಗಳಿರುತ್ತವೆ, ತೆರೆದು ಮುಚ್ಚಿದಾಗ ಸಂದೇಶ ಮುಂದೆ ಹೋಗುತ್ತದೆ. ಆಕ್ಸಾಲಿಪ್ಲಾಟಿನ್ ಹೋದ ಮೇಲೆ ಕೆಲವು ದಿನ ಆ ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ. ಚಳಿ ತಾಗಿದರೆ ಇನ್ನೂ ಹಠ ಹಿಡಿಯುತ್ತದೆ. ಹಾಗಾಗಿ ಸುಮ್ನೆ ನಲ್ಲಿ ನೀರು ಮುಟ್ಟಿದರೂ ನರ ಅದನ್ನು ಶಾಕ್ ಅಂತ ಮಿದುಳಿಗೆ ಹೇಳುತ್ತದೆ. ಡ್ರಿಪ್ ಆದ ಕೆಲವೇ ಗಂಟೆಗಳಲ್ಲಿ ಶುರುವಾಗಿ ಒಂದು ವಾರ, ಕೆಲವರಿಗೆ ಎರಡು ವಾರ ಇರುತ್ತದೆ, ಆಮೇಲೆ ತಾನಾಗಿ ಇಳಿಯುತ್ತದೆ. ಈ ಔಷಧಿ ತಗೊಳ್ಳುವ ಬಹಳ ಜನಕ್ಕೆ ಇದು ಆಗುತ್ತದೆ. ಬೇರೆ ಕೀಮೋಗಳಲ್ಲಿ ಇಲ್ಲದ ತೊಂದರೆ ಆದ್ದರಿಂದ ಊರವರಿಗೆ ಗೊತ್ತಿರುವುದಿಲ್ಲ, ಅಷ್ಟೇ.

ಗಂಟಲಿನದು ಬೇರೆ. ಅದು ಅಪರೂಪ, ನೂರರಲ್ಲಿ ಒಬ್ಬಿಬ್ಬರಿಗೆ ಜೋರಾಗಿ ಬರುವಂಥದ್ದು. ಪಾಪ, ಅವರು ಎಷ್ಟು ಹೆದರಿರಬೇಕು. ಗಂಟಲ ನರಗಳಿಗೆ ತಣ್ಣೀರು ತಾಗಿ, ಉಸಿರು ನಿಂತೇ ಹೋಯಿತು, ನುಂಗೋಕೆ ಆಗ್ತಿಲ್ಲ ಅನ್ನಿಸುತ್ತದೆ. ಆದರೆ ಶ್ವಾಸನಾಳ ಮುಚ್ಚಿರುವುದಿಲ್ಲ, ಗಾಳಿ ಒಳಗೆ ಹೋಗುತ್ತಲೇ ಇರುತ್ತದೆ, ಬೆರಳಿಗೆ ಆಕ್ಸಿಮೀಟರ್ ಹಾಕಿ ನೋಡಿದರೆ ಆಮ್ಲಜನಕ ಸರಿಯಾಗೇ ಇರುತ್ತದೆ. ಆಗ ಸುತ್ತ ಇರುವವರು ಗಲಾಟೆ ಮಾಡದೆ ಅವರನ್ನು ಕೂರಿಸಿ, ಬಾಯಿ ಮೂಗಿನ ಮುಂದೆ ಶಾಲು ಹಿಡಿದು ಬೆಚ್ಚಗಿನ ಗಾಳಿ ಎಳೆದುಕೊಳ್ಳುವ ಹಾಗೆ ಮಾಡಿ, ನುಂಗುವುದಕ್ಕೆ ಆಗುತ್ತೆ ಅಂದ ಮೇಲೆ ಬೆಚ್ಚಗಿನ ನೀರು ಒಂದೊಂದೇ ಗುಟುಕು ಕೊಡಿ. ಕೆಲವು ನಿಮಿಷದಲ್ಲಿ ಸಡಿಲ ಆಗುತ್ತದೆ. ಆದರೆ ಮುಖ ತುಟಿ ಊದಿಕೊಂಡರೆ, ಮೈಯಲ್ಲಿ ದದ್ದು ಎದ್ದರೆ, ಎದೆಯಲ್ಲಿ ಸುಂಯ್ ಅಂತ ಸದ್ದು ಬಂದರೆ, ತಲೆ ಸುತ್ತಿ ಬೀಳುವ ಹಾಗಾದರೆ ಅದು ಚಳಿಯದ್ದಲ್ಲ, ಅಲರ್ಜಿ. ಅದು ಸಾಮಾನ್ಯವಾಗಿ ಡ್ರಿಪ್ ಹೋಗುತ್ತಿರುವಾಗಲೇ ಬರುತ್ತದೆ, ಅದೂ ಮೊದಲ ಸಲಕ್ಕಿಂತ ಐದಾರು ಸಲ ಆದ ಮೇಲೆ ಜಾಸ್ತಿ. ಆಸ್ಪತ್ರೆಯಲ್ಲಿದ್ದರೆ ಅಂಗೈ ತುರಿಕೆ ಶುರುವಾಯಿತು ಅಂದ ತಕ್ಷಣ ಸಿಸ್ಟರ್‌ಗೆ ಹೇಳಿ, "ನೋಡೋಣ, ಕಡಿಮೆ ಆಗಬಹುದು" ಅಂತ ಕಾಯಬೇಡಿ. ಮನೆಯಲ್ಲಾದರೆ ಗಾಡಿ ಹತ್ತಿಸಿ.

ಗಂಟಲು ಕಟ್ಟಿದ್ದನ್ನು ನಾಲ್ಕನೇ ಡ್ರಿಪ್ಪಿಗೆ ಹೋದಾಗ ಮರೆಯದೆ ಹೇಳಬೇಕು. ಎರಡು ಗಂಟೆಯಲ್ಲಿ ಕೊಡುತ್ತಿದ್ದ ಔಷಧಿಯನ್ನು ಆರು ಗಂಟೆಗೆ ಎಳೆದು ನಿಧಾನವಾಗಿ ಕೊಟ್ಟರೆ ಇದು ಮತ್ತೆ ಬರುವುದು ತಪ್ಪಬಹುದು. ಹೇಳದಿದ್ದರೆ ಅವರಿಗೆ ಗೊತ್ತಾಗುವುದು ಹೇಗೆ? ಓಪಿಡಿಯಲ್ಲಿ "ಹೇಗಿದ್ದೀರಮ್ಮ" ಅಂದರೆ "ಚೆನ್ನಾಗಿದೀನಿ ಸಾರ್" ಅನ್ನುವ ಅಮ್ಮಂದಿರೇ ಎಲ್ಲ. ಬಾಗಿಲ ಆಚೆ ಹೋದ ಮೇಲೆ ಮಗನ ಹತ್ತಿರ ಎಲ್ಲ ಹೇಳಿಕೊಳ್ಳುತ್ತಾರೆ.

ಮೊದಲ ತುತ್ತಿಗೆ ದವಡೆ ಸೆಳೆಯುವುದು ಕೂಡ ಅದೇ ನರದ ಆಟ. ಎರಡನೇ, ಮೂರನೇ ತುತ್ತಿಗೆ ಹೋಗಿಬಿಡುತ್ತದೆ. ಹುಳಿ ಉಪ್ಪಿನಕಾಯಿಯಿಂದ ಊಟ ಶುರು ಮಾಡಬೇಡಿ, ಮೊದಲು ಮೆತ್ತಗಿನ ಅನ್ನ ತಿಳಿಸಾರು ಒಂದೆರಡು ತುತ್ತು ಹೋಗಲಿ.

ಇನ್ನು ನಿಮ್ಮದು ಮಲೆನಾಡು. ಬೆಂಗಳೂರಿನವರಿಗೆ ಫ್ರಿಜ್ ಮುಟ್ಟಬೇಡಿ ಅಂದರೆ ಅರ್ಧ ಕೆಲಸ ಮುಗಿಯಿತು. ನಿಮ್ಮಲ್ಲಿ ಬೆಳಿಗ್ಗೆ ಆರಕ್ಕೆ ಎದ್ದರೆ ಕಾಲಡಿ ಸಿಮೆಂಟ್ ನೆಲವೇ ಫ್ರಿಜ್ಜು. ಡ್ರಿಪ್ ಆದ ಮೊದಲ ವಾರ ಮಂಚದಿಂದ ಕಾಲು ಇಳಿಸುವ ಮೊದಲೇ ಕಾಲುಚೀಲ ಇರಲಿ. ಸ್ಟೀಲ್ ಲೋಟ, ಹಿತ್ತಲಿನ ಕಬ್ಬಿಣದ ಚಿಲಕ, ಹಾಲಿನ ಕ್ಯಾನು, ಇವೆಲ್ಲ ರಾತ್ರಿಯಿಡೀ ಚಳಿ ಕುಡಿದು ಕೂತಿರುತ್ತವೆ. ಆ ವಾರ ಕೊಟ್ಟಿಗೆ ಕೆಲಸ, ಬಟ್ಟೆ ಒಗೆಯುವುದು ಬೇರೆಯವರು ಮಾಡಲಿ. ನೀವೇ ಮಾಡಿ, ಏನಾಗುತ್ತೆ? ಡ್ರಿಪ್ ಕೊಡುವ ಕೋಣೆಯಲ್ಲಿ ಏಸಿ ಇರುತ್ತದೆ, ಶಾಲು, ಕೈಗವಸು, ಫ್ಲಾಸ್ಕಿನಲ್ಲಿ ಬಿಸಿನೀರು ತಗೊಂಡು ಹೋಗಿ. ವಾಪಸ್ ಬರುವಾಗ ಬಸ್ಸಿನ ಕಿಟಕಿ ಪಕ್ಕ ಕೂರಿಸಬೇಡಿ, ಕೂತರೂ ಮೂಗು ಬಾಯಿಗೆ ಮಫ್ಲರ್ ಇರಲಿ. ಮೊಬೈಲಿನಲ್ಲಿ ಕೆಲವು ವಿಡಿಯೊ ಓಡಾಡುತ್ತವೆ, ಕೀಮೋ ಹೋಗುವಾಗ ಬಾಯಿಯಲ್ಲಿ ಐಸ್ ಇಟ್ಟುಕೊಳ್ಳಿ, ಕೈಗೆ ಐಸ್ ಗ್ಲೌಸ್ ಹಾಕಿ ಅಂತ. ಅದು ಬೇರೆ ಔಷಧಿಗಳಿಗೆ ಹೇಳಿದ್ದು, ಆಕ್ಸಾಲಿಪ್ಲಾಟಿನ್ ತಗೊಳ್ಳುವವರು ಅದನ್ನು ಮಾಡಲೇಬಾರದು.

ಬಿಕ್ಕಳಿಕೆಗೂ ಇದೇ ಮಾತು, ತಣ್ಣೀರು ಕುಡಿಸಬೇಡಿ. ಬಿಕ್ಕಳಿಕೆ ಕೀಮೋದಿಂದಲೇ ಬರಬೇಕು ಅಂತಿಲ್ಲ, ವಾಂತಿ ಬರದಿರಲಿ ಅಂತ ಜೊತೆಗೆ ಕೊಡುವ ಡೆಕ್ಸಾಮೆಥಸೋನ್ ಅನ್ನುವ ಸ್ಟೀರಾಯ್ಡ್ ಎಷ್ಟೋ ಸಲ ಕಾರಣ. ಗಂಡಸರಲ್ಲಿ ಜಾಸ್ತಿ ನೋಡುತ್ತೇವೆ. ಒಂದು ಚಮಚ ಸಕ್ಕರೆ ಬಾಯಿಗೆ ಹಾಕಿಕೊಂಡು ನುಂಗುವುದು, ಉಸಿರು ಹಿಡಿಯುವುದು ಮಾಡಿ ನೋಡಬಹುದು. ಒಂದು ದಿನ ದಾಟಿದರೆ, ನಿದ್ದೆ ಊಟ ಕೆಟ್ಟರೆ ಫೋನ್ ಮಾಡಿ. ಸ್ಟೀರಾಯ್ಡ್ ಕಡಿಮೆ ಮಾಡುತ್ತಾರೆ, ಇಲ್ಲವೇ ಬದಲಾಯಿಸುತ್ತಾರೆ, ಬೇಕಾದರೆ ಬಿಕ್ಕಳಿಕೆಗೇ ಮಾತ್ರೆ ಇದೆ. ನೀವಾಗಿ ಯಾವುದನ್ನೂ ನಿಲ್ಲಿಸಬೇಡಿ.

ಈಗ ನೀವು ಕೇಳದೇ ಇರುವ ಒಂದು ವಿಷಯ ಹೇಳಬೇಕು. ನನ್ನ ಪ್ರಕಾರ ಈ ಇಡೀ ಉತ್ತರದಲ್ಲಿ ಮುಖ್ಯವಾದದ್ದು ಇದೇ.

ಚಳಿಗೆ ಆಗುವ ಶಾಕ್ ಬರುತ್ತದೆ, ಹೋಗುತ್ತದೆ. ಆದರೆ ಪ್ರತಿ ಡ್ರಿಪ್ಪಿನಲ್ಲೂ ಆಕ್ಸಾಲಿಪ್ಲಾಟಿನ್‌ನಲ್ಲಿರುವ ಪ್ಲಾಟಿನಂ ಲೋಹ ಸ್ವಲ್ಪ ಸ್ವಲ್ಪ ಬೆನ್ನುಹುರಿ ಪಕ್ಕದ ನರದ ಗಂಟುಗಳಲ್ಲಿ ಉಳಿದುಕೊಳ್ಳುತ್ತಾ ಹೋಗುತ್ತದೆ. ಇದರಿಂದ ಬರುವ ಜೋಮು ಬೇರೆ ಥರದ್ದು. ಅದಕ್ಕೆ ಚಳಿ ಬೇಕಿಲ್ಲ. ಬೆರಳ ತುದಿ, ಅಂಗಾಲು ಯಾವಾಗಲೂ ಮರಗಟ್ಟಿದ ಹಾಗೆ ಇರುತ್ತದೆ. ಇನ್ನೊಂದು ಕಷ್ಟ ಏನೆಂದರೆ ಡ್ರಿಪ್ ನಿಲ್ಲಿಸಿದ ಮೇಲೂ ಎರಡರಿಂದ ಆರು ತಿಂಗಳು ಅದು ಏರುತ್ತಲೇ ಹೋಗಬಹುದು. ಸೈಕಲ್ಲಿನ ಪೆಡಲ್ ತುಳಿಯೋದು ಬಿಟ್ಟರೂ ಗಾಡಿ ಸ್ವಲ್ಪ ದೂರ ಓಡುತ್ತದಲ್ವಾ, ಹಾಗೆ. ಅಂದರೆ "ತಡೆಯೋಕೆ ಆಗ್ತಿಲ್ಲ" ಅನ್ನುವ ತನಕ ಕಾದು ನಿಲ್ಲಿಸಿದರೆ ತಡವಾಗಿರುತ್ತದೆ.

ಅದಕ್ಕೆ ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಗುರುತು ಹಾಕಿ. ಡ್ರಿಪ್ ಆದ ದಿನದಿಂದ ಶಾಕ್, ಜೋಮು ಎಷ್ಟನೇ ದಿನಕ್ಕೆ ಪೂರ್ತಿ ಹೋಯಿತು? ಐದನೇ ದಿನಕ್ಕೆ ಹೋದರೆ ಪರವಾಗಿಲ್ಲ. ಮೊದಲ ಸಲ ಐದು, ಎರಡನೇ ಸಲ ಹತ್ತು, ಈಗ ಹದಿನೆಂಟು ಅಂತ ಏರುತ್ತಿದ್ದರೆ ಅದು ಡಾಕ್ಟರಿಗೆ ತೋರಿಸಬೇಕಾದ ಲೆಕ್ಕ. ಮುಂದಿನ ಡ್ರಿಪ್ಪಿನ ದಿನಕ್ಕೂ ಜೋಮು ಉಳಿದಿದ್ದರೆ ಡೋಸ್ ಇಳಿಸುತ್ತಾರೆ. ಕೈಕೆಲಸಕ್ಕೆ ಅಡ್ಡಿ ಬಂದರೆ ಆಕ್ಸಾಲಿಪ್ಲಾಟಿನ್ ಬಿಟ್ಟು ಬರೀ ಮಾತ್ರೆ ಮುಂದುವರಿಸುವುದೂ ಉಂಟು. ಕೈಕೆಲಸ ಅಂದರೆ ನಾನು ಯಂತ್ರ ಇಟ್ಟು ಪರೀಕ್ಷೆ ಮಾಡುವುದಿಲ್ಲ, ಇಷ್ಟು ಕೇಳುತ್ತೇನೆ: ಹೂ ಕಟ್ಟೋಕೆ ಆಗುತ್ತಾ? ಬ್ಲೌಸಿನ ಹುಕ್ಕು ಹಾಕಿಕೊಳ್ಳುತ್ತೀರಾ? ಅಕ್ಕಿಯಲ್ಲಿ ಕಲ್ಲು ಆರಿಸೋಕೆ ಬರುತ್ತಾ? ಚಪ್ಪಲಿ ಕಾಲಿಂದ ಜಾರಿದ್ದು ಗೊತ್ತಾಗುತ್ತಾ? ನೀವೂ ಅಮ್ಮನನ್ನು ವಾರಕ್ಕೊಮ್ಮೆ ಇದನ್ನೇ ಕೇಳಿ.

ಮತ್ತೆ, ಎಂಟು ಸಲ ಅಂದಿದ್ದಾರೆ ಅಂತ ಬರೆದಿದ್ದೀರಿ. ಎಂಟು ಬೇಕೇ ಅಂತ ಕೇಳುವುದರಲ್ಲಿ ತಪ್ಪೇನಿಲ್ಲ. 2018ರಲ್ಲಿ ಐಡಿಯಾ ಅನ್ನುವ ದೊಡ್ಡ ಅಧ್ಯಯನ ಪ್ರಕಟವಾಯಿತು. ಆರು ಪ್ರಯೋಗಗಳನ್ನು ಒಟ್ಟು ಸೇರಿಸಿ, ಮೂರನೇ ಹಂತದ ದೊಡ್ಡ ಕರುಳಿನ ಕ್ಯಾನ್ಸರ್ ಇದ್ದ 12,834 ಜನರಲ್ಲಿ ಮೂರು ತಿಂಗಳ ಕೀಮೋ ಸಾಕೋ ಆರು ತಿಂಗಳು ಬೇಕೋ ಅಂತ ನೋಡಿದರು. ಆಪರೇಷನ್ ಆದ ಮೇಲೆ ಬಂದ ಬಯಾಪ್ಸಿ ರಿಪೋರ್ಟ್ ತೆಗೆದು ನೋಡಿ, ಅದರಲ್ಲಿ ಟಿ ಮತ್ತು ಎನ್ ಅಂತ ಅಕ್ಷರ, ಪಕ್ಕದಲ್ಲಿ ಅಂಕಿ ಇರುತ್ತದೆ. ಟಿ ಅಂದರೆ ಗಡ್ಡೆ ಕರುಳಿನ ಗೋಡೆಯಲ್ಲಿ ಎಷ್ಟು ಆಳಕ್ಕೆ ಇಳಿದಿದೆ ಅನ್ನುವುದು, ಎನ್ ಅಂದರೆ ಹತ್ತಿರದ ದುಗ್ಧ ಗ್ರಂಥಿಗಳಿಗೆ ಎಷ್ಟು ಹರಡಿದೆ ಅನ್ನುವುದು. ಟಿ 1ರಿಂದ 3ರ ಒಳಗೆ, ಎನ್ 1 ಇದ್ದವರಲ್ಲಿ ಮೂರು ವರ್ಷದ ನಂತರ ರೋಗ ಮರುಕಳಿಸದೆ ಇದ್ದವರು ಮೂರು ತಿಂಗಳ ಗುಂಪಿನಲ್ಲಿ ಶೇ. 83.1, ಆರು ತಿಂಗಳ ಗುಂಪಿನಲ್ಲಿ ಶೇ. 83.3. ವ್ಯತ್ಯಾಸವೇ ಇಲ್ಲ ಅನ್ನಬಹುದು. ಆದರೆ ನರದ ತೊಂದರೆ ನೋಡಿ. ನಿಮ್ಮ ತಾಯಿಗೆ ಕೊಡುತ್ತಿರುವ ಇದೇ ಜೋಡಿಯನ್ನು ಮೂರು ತಿಂಗಳು ತಗೊಂಡವರಲ್ಲಿ ಸುಮಾರು ಶೇ. 14 ಜನಕ್ಕೆ, ಆರು ತಿಂಗಳು ತಗೊಂಡವರಲ್ಲಿ ಶೇ. 45 ಜನಕ್ಕೆ ಕೆಲಸಕ್ಕೆ ಅಡ್ಡಿಯಾಗುವಷ್ಟು ಜೋಮು ಬಂತು. ಟಿ 4 ಅಥವಾ ಎನ್ 2 ಇದ್ದವರಿಗೆ ಲೆಕ್ಕ ಅಷ್ಟು ಸುಲಭವಲ್ಲ, ಅಲ್ಲಿ ಡಾಕ್ಟರು ಆರು ತಿಂಗಳ ಕಡೆ ವಾಲಬಹುದು, ಅದಕ್ಕೆ ಕಾರಣವೂ ಇದೆ. ಮೂರು ತಿಂಗಳು ಅಂದರೆ ನಾಲ್ಕು ಡ್ರಿಪ್. ನಿಮ್ಮ ತಾಯಿಗೆ ಮೂರು ಆಗಿದೆ. ಹಾಗಾಗಿ ಈ ಪ್ರಶ್ನೆ ಕೇಳುವ ಕಾಲ ಈಗಲೇ, ಎಂಟಕ್ಕೆ ಎಂಟೂ ಮುಗಿದ ಮೇಲಲ್ಲ. "ಸಾರ್, ಅಮ್ಮನ ರಿಪೋರ್ಟಿನ ಪ್ರಕಾರ ನಾಲ್ಕು ಸಾಕಾಗುತ್ತಾ?" ಅಂತ ನೇರವಾಗಿ ಕೇಳಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಜೋಮಿಗೆ ಗುಳಿಗೆ ಇಲ್ವಾ ಅಂತೀರಿ. ಮೆಡಿಕಲ್ ಶಾಪಿನಲ್ಲಿ ಕೊಡುವ ಕೆಂಪು ಬಣ್ಣದ "ನರದ ಗುಳಿಗೆ"ಗಳಿಂದ ಈ ಜೋಮು ತಡೆಯಬಹುದು ಅನ್ನುವುದಕ್ಕೆ ಪುರಾವೆ ಇಲ್ಲ. ಡ್ರಿಪ್ ಜೊತೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೊಟ್ಟು ನೋಡಿದ್ದಾಯಿತು, ಪ್ರಯೋಜನ ಆಗಲಿಲ್ಲ. ನೋವು ಉರಿ ಜಾಸ್ತಿ ಇದ್ದವರಿಗೆ ಡುಲಾಕ್ಸೆಟಿನ್ ಅನ್ನುವ ಮಾತ್ರೆ ಸ್ವಲ್ಪ ಕೆಲಸ ಮಾಡುತ್ತದೆ, 2013ರಲ್ಲಿ ಅಮೆರಿಕದಲ್ಲಿ ನಡೆದ ಪ್ರಯೋಗದಿಂದ ಅದು ಗೊತ್ತಾಯಿತು. ಅದು ಖಿನ್ನತೆಗೂ ಕೊಡುವ ಮಾತ್ರೆ. ಗೂಗಲ್ ಮಾಡಿ ನೋಡಿ "ನಮ್ಮಮ್ಮನಿಗೇನು ತಲೆ ಕೆಟ್ಟಿದೆಯಾ" ಅಂತ ಜಗಳಕ್ಕೆ ಬಂದವರಿದ್ದಾರೆ, ಅದಕ್ಕೆ ಮೊದಲೇ ಹೇಳಿಬಿಟ್ಟೆ. ಬರೀ ಮರಗಟ್ಟುವುದಕ್ಕೆ ಅದರಿಂದ ಹೆಚ್ಚು ಉಪಯೋಗ ಇಲ್ಲ.

ಈ ಗುಳಿಗೆಗಳ ವಿಷಯದಲ್ಲೇ ಇನ್ನೊಂದು ಎಚ್ಚರಿಕೆ. ಕೆಪೆಸಿಟಬಿನ್ ತಗೊಳ್ಳುವವರಿಗೆ ಫೋಲಿಕ್ ಆಸಿಡ್ ಆಗಿಬರಲ್ಲ, ಅದು ಕೆಪೆಸಿಟಬಿನ್‌ನ ಕೆಟ್ಟ ಪರಿಣಾಮವನ್ನು ಏರಿಸುತ್ತದೆ. ಕೈ ಸುಲಿಯುವುದೂ ಜಾಸ್ತಿ, ಭೇದಿಯೂ ಜಾಸ್ತಿ. ಈ ಫೋಲಿಕ್ ಆಸಿಡ್ ಎಲ್ಲೆಲ್ಲಿ ಅಡಗಿರುತ್ತದೆ ಗೊತ್ತಾ? ರಕ್ತ ಕಡಿಮೆ ಅಂತ ಕೊಡುವ ಕಬ್ಬಿಣದ ಗುಳಿಗೆಯಲ್ಲಿ, ಶಕ್ತಿಗೆ ಅಂತ ತರುವ ಮಲ್ಟಿವಿಟಮಿನ್‌ನಲ್ಲಿ, ಕೆಲವು ನರದ ಗುಳಿಗೆಗಳಲ್ಲೂ. ಮನೆಯಲ್ಲಿರುವ ಎಲ್ಲಾ ಶೀಟುಗಳನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ ಡಾಕ್ಟರ ಮೇಜಿನ ಮೇಲೆ ಸುರಿಯಿರಿ. ಸೊಪ್ಪು, ಕಾಳು ಊಟದಲ್ಲಿ ತಿನ್ನುವುದಕ್ಕೆ ಯಾವ ಅಡ್ಡಿಯೂ ಇಲ್ಲ. ರಕ್ತ ತೆಳುವಾಗಿಸುವ ವಾರ್ಫರಿನ್, ಫಿಟ್ಸಿನ ಫೆನಿಟಾಯಿನ್ ತಗೊಳ್ಳುತ್ತಿದ್ದರೆ ಅದನ್ನೂ ಮರೆಯದೆ ಹೇಳಬೇಕು, ಎರಡೂ ಇದರ ಜೊತೆ ಜಗಳವಾಡುತ್ತವೆ.

ಇನ್ನು ಅಂಗೈ, ಅಂಗಾಲು. ಕೆಪೆಸಿಟಬಿನ್ ಮೈಯೊಳಗೆ ಹೋದ ಮೇಲೆ ಒಂದು ಕಿಣ್ವದ ಸಹಾಯದಿಂದ ನಿಜವಾದ ಔಷಧಿಯಾಗಿ ಬದಲಾಗುತ್ತದೆ. ಆ ಕಿಣ್ವ ಗಡ್ಡೆಯಲ್ಲಿ ಜಾಸ್ತಿ ಇರುತ್ತೆ ಅನ್ನುವುದೇ ಈ ಮಾತ್ರೆ ಕಂಡುಹಿಡಿದವರ ಲೆಕ್ಕಾಚಾರ. ಆದರೆ ಅಂಗೈ ಚರ್ಮದಲ್ಲೂ ಅದು ಜಾಸ್ತಿ ಇದೆ. ಅಂಗೈ ಅಂಗಾಲಿನ ಚರ್ಮ ಸವೆಯುತ್ತಾ ಬೆಳೆಯುತ್ತಾ ಇರುವಂಥದ್ದು, ಅದರ ಮೇಲೆ ಒತ್ತಡ, ಬಿಸಿ, ತಿಕ್ಕಾಟ ಬೇರೆ. ಅದಕ್ಕೆ ಅಲ್ಲೇ ಪೆಟ್ಟು. ಆಸ್ಪತ್ರೆಯ ಕರಪತ್ರಗಳಲ್ಲಿ "ಅಂಗೈ ಕೆಂಪಾಗುತ್ತದೆ" ಅಂತ ಬರೆದಿರುತ್ತಾರೆ. ಅದು ಬಿಳಿಯರ ಚರ್ಮ ನೋಡಿ ಬರೆದದ್ದು. ನಮ್ಮ ಬಣ್ಣಕ್ಕೆ ಕೆಂಪು ಕಾಣುವುದೇ ಇಲ್ಲ ಎಷ್ಟೋ ಸಲ, ರೇಖೆಗಳು ಕಪ್ಪಾಗುತ್ತವೆ, ಚರ್ಮ ದಪ್ಪ ಆಗುತ್ತದೆ, ಆಮೇಲೆ ಸಿಪ್ಪೆ. "ಕೆಂಪಾಗಿಲ್ವಲ್ಲ, ಕೊಳೆ ಇರಬೇಕು" ಅಂತ ಕಲ್ಲು ತಗೊಂಡು ಉಜ್ಜಿ ಗಾಯ ಮಾಡಿಕೊಂಡು ಬಂದವರನ್ನು ನೋಡಿದ್ದೇನೆ. ನೀವು ಕಪ್ಪಾಗಿದೆ ಅಂತ ಸರಿಯಾಗಿ ಗಮನಿಸಿದ್ದೀರಿ.

ಏನು ಮಾಡಬೇಕು? ಹಂಡೆ ನೀರಿನ ಸ್ನಾನ ಮಲೆನಾಡಿನವರಿಗೆ ಪ್ರಾಣ, ಗೊತ್ತು. ಹೊಗೆಯಾಡುವ ನೀರು ಮಾತ್ರ ಬೇಡ. ಜೋಮು ಇರುವವರಿಗೆ ಬಿಸಿ ಎಷ್ಟಿದೆ ಅಂತ ಗೊತ್ತೇ ಆಗುವುದಿಲ್ಲ, ನೀರನ್ನು ಬೇರೆಯವರು ಮೊಣಕೈ ಹಾಕಿ ನೋಡಿ ಬೆರೆಸಿಕೊಡಲಿ. ಟವೆಲಿನಿಂದ ಉಜ್ಜದೆ ಒತ್ತಿ ಒರೆಸಿ, ಚರ್ಮ ಇನ್ನೂ ಸ್ವಲ್ಪ ತೇವ ಇರುವಾಗಲೇ ಶೇ. 10 ಯೂರಿಯಾ ಇರುವ ಕ್ರೀಮ್ ಹಚ್ಚಿ. ದಿನಕ್ಕೆ ಮೂರು ಸಲ, ಕೈ ತೊಳೆದಾಗಲೆಲ್ಲ. ಬಿರುಕು ಬಿಟ್ಟ ಕಡೆ ಮಾತ್ರ ಉರಿಯುತ್ತದೆ, ಅಲ್ಲಿಗೆ ಸಾದಾ ವ್ಯಾಸಲಿನ್ ಸಾಕು. ಪಾತ್ರೆ ಉಜ್ಜುವುದು, ರೊಟ್ಟಿ ತಟ್ಟುವುದು, ತೋಟದಲ್ಲಿ ಕತ್ತಿ ಹಿಡಿಯುವುದು ಮಾತ್ರೆಯ ಆ 14 ದಿನ ಮತ್ತು ಆಮೇಲಿನ ವಾರ ಬಿಟ್ಟರೆ ಒಳ್ಳೆಯದು. ಬರೀ ರಬ್ಬರ್ ಗ್ಲೌಸ್ ಹಾಕಿದರೆ ಒಳಗೆ ಬೆವರಿ ಬಿಸಿಯಾಗುತ್ತದೆ, ಒಳಗೊಂದು ಹತ್ತಿಯ ಗ್ಲೌಸ್ ಇರಲಿ. ಕಾಲಿಗೆ ಶುಗರಿನವರು ಹಾಕುವ ಮೆತ್ತಗಿನ ಎಂಸಿಆರ್ ಚಪ್ಪಲಿ ತನ್ನಿ, ಬಿಗಿ ಶೂ ಬೇಡ, ಬರಿಗಾಲು ಬೇಡವೇ ಬೇಡ.

ಇದರ ಬಗ್ಗೆ ನಮ್ಮ ದೇಶದ್ದೇ ಒಂದು ಒಳ್ಳೆಯ ಕೆಲಸ ಆಗಿದೆ. ದೆಹಲಿಯ ಏಮ್ಸ್‌ನವರು ಕೆಪೆಸಿಟಬಿನ್ ತಗೊಳ್ಳುವ 264 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಡೈಕ್ಲೋಫೆನಾಕ್ ಜೆಲ್, ಇನ್ನೊಂದಕ್ಕೆ ಔಷಧಿ ಇಲ್ಲದ ಜೆಲ್ ಕೊಟ್ಟು, ದಿನಕ್ಕೆರಡು ಸಲ ಕೈಗೆ ಹಚ್ಚಲು ಹೇಳಿದರು. ಹೌದು, ಮಂಡಿನೋವಿಗೆ ಹಚ್ಚುವ ಅದೇ ಶೇ. 1ರ ಜೆಲ್. 2024ರಲ್ಲಿ ಪ್ರಕಟವಾದ ಫಲಿತಾಂಶ ನೋಡಿದರೆ, ನೋವಾಗುವಷ್ಟು ಕೈ ಕೆಟ್ಟವರು ಡೈಕ್ಲೋಫೆನಾಕ್ ಗುಂಪಿನಲ್ಲಿ ಶೇ. 3.8, ಇನ್ನೊಂದರಲ್ಲಿ ಶೇ. 15. ದುಬಾರಿ ಔಷಧಿಗಳ ಕಾಲದಲ್ಲಿ ಇಷ್ಟು ಕಡಿಮೆ ಬೆಲೆಯ ಒಂದು ಟ್ಯೂಬಿನಿಂದ ಇಷ್ಟು ಆಗುತ್ತೆ ಅಂದರೆ ನನಗಂತೂ ಖುಷಿ. ಆದರೆ ಇದು ಬರದಂತೆ ತಡೆಯುವುದಕ್ಕೆ, ಸುಲಿದ ಗಾಯಕ್ಕೆ ಹಚ್ಚುವಂಥದ್ದಲ್ಲ. ಸಿಪ್ಪೆ ಮಾಗಿದ ಮೇಲೆ ಮುಂದಿನ ಸುತ್ತಿಗೆ ಹಚ್ಚಬಹುದಾ ಅಂತ ಡಾಕ್ಟರನ್ನು ಕೇಳಿ. ಜೆಲ್ ಒಳ್ಳೆಯದಂತೆ ಅಂತ ಅದರ ಮಾತ್ರೆ ನುಂಗಿಸಬೇಡಿ, ಕಿಡ್ನಿಗೆ ಪೆಟ್ಟು. ಮೊದಲೆಲ್ಲ ನಾವು ವಿಟಮಿನ್ ಬಿ6 ಬರೆದುಕೊಡುತ್ತಿದ್ದೆವು, ಪ್ರಯೋಗಗಳಲ್ಲಿ ಅದರಿಂದ ಲಾಭ ಕಾಣಲಿಲ್ಲ.

ಮದರಂಗಿ ಹಚ್ಚಬಹುದಾ ಅಂತ ನಿಮ್ಮ ಅಜ್ಜಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಟರ್ಕಿಯಲ್ಲಿ ವೈದ್ಯರು 2008ರಲ್ಲಿ ಹತ್ತು ರೋಗಿಗಳಿಗೆ ಹಚ್ಚಿ ನೋಡಿ ಉರಿ ಕಡಿಮೆಯಾಯಿತು ಅಂತ ಬರೆದಿದ್ದಾರೆ. ಹತ್ತೇ ಜನ, ಹೋಲಿಸಲು ಇನ್ನೊಂದು ಗುಂಪೂ ಇಲ್ಲ, ಹಾಗಾಗಿ ಅದನ್ನು ನಂಬಿ ಕೂರುವ ಹಾಗಿಲ್ಲ. ಹಿತ್ತಲಿನ ಸೊಪ್ಪು ರುಬ್ಬಿ, ಗಾಯ ಇಲ್ಲದ ಕಡೆ ಹಚ್ಚಿದರೆ ನನ್ನ ತಕರಾರಿಲ್ಲ. ಅಂಗಡಿಯ ಕಪ್ಪು ಮೆಹಂದಿ ಕೋನ್ ಮಾತ್ರ ಬೇಡ, ಅದರಲ್ಲಿ ಬೆರೆಸುವ ರಾಸಾಯನಿಕ ಒಳ್ಳೆಯ ಚರ್ಮವನ್ನೇ ಸುಡುತ್ತದೆ.

ಕೆಲಸಕ್ಕೆ ಅಡ್ಡಿಯಾಗುವಷ್ಟು ನೋವು, ಗುಳ್ಳೆ, ಸುಲಿತ ಆದರೆ ಮಾತ್ರೆ ನಿಲ್ಲಿಸಿ ಆಸ್ಪತ್ರೆಗೆ ಫೋನ್ ಮಾಡಬೇಕು. ಇದನ್ನು ಬಹಳ ಜನ ಮಾಡುವುದಿಲ್ಲ. 14 ದಿನ ಅಂತ ಬರೆದುಕೊಟ್ಟಿದ್ದಾರೆ, 14 ಮುಗಿಸಲೇಬೇಕು, ಒಂದು ಮಾತ್ರೆ ಬಿಟ್ಟರೂ ಕ್ಯಾನ್ಸರ್ ವಾಪಸ್ ಬರುತ್ತೆ ಅನ್ನುವ ಭಯ. ಹಾಗೇನೂ ಇಲ್ಲ. ಸರಿಯಾದ ಹೊತ್ತಿನಲ್ಲಿ ನಾಲ್ಕು ದಿನ ನಿಲ್ಲಿಸಿ, ಡೋಸ್ ಇಳಿಸಿ ಮುಂದುವರಿಸುವುದು ಚಿಕಿತ್ಸೆಯ ಭಾಗವೇ. ಬಿಟ್ಟ ಮಾತ್ರೆಗಳನ್ನು ರಜೆಯ ವಾರದಲ್ಲಿ ಸೇರಿಸಿ ನುಂಗಬಾರದು, ಬಿಟ್ಟದ್ದು ಬಿಟ್ಟ ಹಾಗೆ. ಒಂದು ಹೊತ್ತು ಮರೆತರೆ ಮುಂದಿನ ಹೊತ್ತಿಗೆ ಎರಡು ಪಟ್ಟು ತಗೊಳ್ಳುವುದೂ ಬೇಡ. ಊಟ ಆಗಿ ಅರ್ಧ ಗಂಟೆಯೊಳಗೆ ನುಂಗಬೇಕು, ಬೆಚ್ಚಗಿನ ನೀರಿನಲ್ಲಿ.

ಫೋನ್ ಅಲ್ಲ, ನೇರ ಆಸ್ಪತ್ರೆಗೇ ಹೋಗಬೇಕಾದದ್ದು ಯಾವುದು ಅಂದರೆ: ಎದೆನೋವು, ಎದೆ ಹಿಡಿದ ಹಾಗಾಗುವುದು. ಈ ಮಾತ್ರೆ ಅಪರೂಪಕ್ಕೆ ಹೃದಯದ ರಕ್ತನಾಳವನ್ನು ಬಿಗಿ ಹಿಡಿಸುತ್ತದೆ, ಮೊದಲು ಹೃದಯದ ತೊಂದರೆ ಇಲ್ಲದವರಿಗೂ. ಗ್ಯಾಸ್ ಅಂತ ಸೋಡಾ ಕುಡಿಸಿಕೊಂಡು ಕೂರಬೇಡಿ, ಮಾತ್ರೆ ನಿಲ್ಲಿಸಿ ಇಸಿಜಿ ಮಾಡಿಸಿ. ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ರಾತ್ರಿ ಎರಡು ಗಂಟೆಯಾದರೂ ಹೊರಡಿ. ಪ್ಯಾರಾಸಿಟಮಾಲ್ ಕೊಟ್ಟು ಬೆಳಿಗ್ಗೆ ತನಕ ನೋಡೋಣ ಅನ್ನಬೇಡಿ, ಬಿಳಿ ರಕ್ತಕಣ ಕಡಿಮೆ ಇರುವಾಗ ಸೋಂಕು ಗಂಟೆಗಳಲ್ಲಿ ಏರುತ್ತದೆ. ಮಾಮೂಲಿಗಿಂತ ನಾಲ್ಕು ಸಲ ಜಾಸ್ತಿ ಭೇದಿ ಆದರೂ ಮಾತ್ರೆ ನಿಲ್ಲಿಸಿ, ಓಆರ್‌ಎಸ್ ಶುರು ಮಾಡಿ, ಕೂಡಲೇ ಫೋನ್ ಮಾಡಿ. ನಿಮ್ಮ ಊರಿಂದ ದೊಡ್ಡ ಆಸ್ಪತ್ರೆ ದೂರ, ಮಳೆಗಾಲದಲ್ಲಿ ಇನ್ನೂ ದೂರ. ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಹೋದಾಗ "ಕೀಮೋ ನಡೀತಿದೆ, ಇಷ್ಟನೇ ದಿನ" ಅಂತ ಮೊದಲ ಮಾತೇ ಹೇಳಿ, ಡಿಸ್ಚಾರ್ಜ್ ಚೀಟಿಯ ಫೋಟೊ ಮೊಬೈಲಿನಲ್ಲಿರಲಿ.

ಕೊನೆಗೆ ಹೆಬ್ಬೆಟ್ಟು. ರೇಷನ್ ಅಂಗಡಿಯ ಯಂತ್ರ ಕೆಟ್ಟಿಲ್ಲ, ಅಮ್ಮನ ಬೆರಳಿನ ಗೆರೆಗಳೇ ತಾತ್ಕಾಲಿಕವಾಗಿ ಸವೆದಿವೆ. ಇದು ಕಥೆಯಲ್ಲ. ವರ್ಷಗಟ್ಟಲೆ ಕೆಪೆಸಿಟಬಿನ್ ತಗೊಳ್ಳುತ್ತಿದ್ದ ಸಿಂಗಪುರದ ಒಬ್ಬ ರೋಗಿ 2008ರ ಡಿಸೆಂಬರಿನಲ್ಲಿ ನೆಂಟರನ್ನು ನೋಡಲು ಅಮೆರಿಕಕ್ಕೆ ಹೋದಾಗ ಬೆರಳಚ್ಚು ಸಿಗಲಿಲ್ಲ ಅಂತ ವಿಮಾನ ನಿಲ್ದಾಣದಲ್ಲಿ ನಾಲ್ಕು ಗಂಟೆ ಕೂರಿಸಿದ್ದರು, ಅವರ ವೈದ್ಯರು 2009ರಲ್ಲಿ ಅದನ್ನು ವೈದ್ಯಕೀಯ ಪತ್ರಿಕೆಗೆ ಬರೆದರು. ಆಮೇಲೆ ನೆದರ್ಲೆಂಡ್ಸ್‌ನಲ್ಲಿ ಅಳೆದು ನೋಡಿದಾಗ ಕೆಪೆಸಿಟಬಿನ್ ತಗೊಂಡವರಲ್ಲಿ ಸುಮಾರು ಶೇ. 14 ಜನರ ಬೆರಳಚ್ಚು ತೀರಾ ಮಂಕಾಗಿತ್ತು, ಮಾತ್ರೆ ನಿಲ್ಲಿಸಿದ ಎರಡರಿಂದ ನಾಲ್ಕು ವಾರದಲ್ಲಿ ವಾಪಸ್ ಬಂತು. ನಿಮ್ಮ ತಾಯಿಯದ್ದೂ ಬರುತ್ತದೆ. ಹಾಗಾಗಿ ಗಡಿಬಿಡಿಯಲ್ಲಿ ಆಧಾರ್ ಕೇಂದ್ರಕ್ಕೆ ಹೋಗಿ ಸವೆದ ಬೆರಳನ್ನೇ ಹೊಸದಾಗಿ ಅಪ್‌ಡೇಟ್ ಮಾಡಿಸಬೇಡಿ. ಆಮೇಲೆ ಗೆರೆ ಬಂದಾಗ ಅದೂ ಹೊಂದದೆ ಇನ್ನೊಂದು ತಲೆನೋವು.

ಅಲ್ಲಿ ತನಕ ಕಾರ್ಡಿನಲ್ಲಿ ಹೆಸರಿರುವ ಬೇರೆಯವರು, ಅಂದರೆ ನೀವೇ ಹೋಗಿ ಹೆಬ್ಬೆಟ್ಟು ಕೊಟ್ಟು ಅಕ್ಕಿ ತನ್ನಿ. ಅಮ್ಮನೇ ಹೋಗಬೇಕಾದ ಕಡೆ ಕಣ್ಣಿನ ಸ್ಕ್ಯಾನ್ ಅಥವಾ ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಬರುವ ಓಟಿಪಿಯಿಂದ ಆಗುತ್ತಾ ಅಂತ ಕೇಳಿ. ಪಿಂಚಣಿ ತಗೊಳ್ಳುವವರು ಮನೆಯಲ್ಲಿದ್ದರೆ ಅವರ ಜೀವನ ಪ್ರಮಾಣ ಪತ್ರಕ್ಕೆ ಮುಖ ತೋರಿಸಿದರೆ ಸಾಕು, ಆ ಸೌಲಭ್ಯ 2021ರಿಂದ ಇದೆ. ಆಧಾರ್ ಜೊತೆಗಿರುವ ಮೊಬೈಲ್ ನಂಬರು ಈಗಲೂ ಚಾಲ್ತಿಯಲ್ಲಿದೆಯಾ ಅಂತ ಇವತ್ತೇ ನೋಡಿಬಿಡಿ, ಹಳೆಯ ಸಿಮ್ ಎಲ್ಲೋ ಕಳೆದುಹೋಗಿರುತ್ತದೆ. ಮುಂದಿನ ಸಲ ಡ್ರಿಪ್ಪಿಗೆ ಹೋದಾಗ "ಚಿಕಿತ್ಸೆಯಿಂದ ಬೆರಳಚ್ಚು ತಾತ್ಕಾಲಿಕವಾಗಿ ಮಾಸಿದೆ" ಅಂತ ಆಸ್ಪತ್ರೆಯ ಲೆಟರ್‌ಹೆಡ್ಡಿನಲ್ಲಿ ಎರಡು ಸಾಲು ಬರೆಸಿ, ಸೀಲು ಹಾಕಿಸಿಕೊಳ್ಳಿ. ರೇಷನ್ ಅಂಗಡಿ, ಬ್ಯಾಂಕು, ನೋಂದಣಿ ಕಚೇರಿ, ಎಲ್ಲಾ ಕಡೆ ಬೇಕಾಗುತ್ತದೆ. ನಾನು ಅಂಥ ಚೀಟಿ ಬರೆದುಕೊಡುವಾಗ ಅದರಲ್ಲಿ ಔಷಧಿಯ ಹೆಸರು, ಕೊನೆಯ ಮಾತ್ರೆ ಯಾವಾಗ ಅನ್ನುವುದನ್ನೂ ಸೇರಿಸುತ್ತೇನೆ, ನೀವೂ ಹಾಗೇ ಕೇಳಿ ಬರೆಸಿಕೊಳ್ಳಿ.